ವಿಮಾನದ ಎಂಜಿನ್‌ನಲ್ಲಿ ಪ್ಲಗ್ ಥ್ರೆಡ್ ಹಾಳಾದರೆ ಸರಿಪಡಿಸುವುದು ಹೇಗೆ?

ಬಳ್ಳಾರಿಯಲ್ಲಿ ಬೈಕಿನ ಪ್ಲಗ್ ಥ್ರೆಡ್ ಸ್ಲಿಪ್ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಕೊಟ್ಟರೆ ರಂಧ್ರ ದೊಡ್ಡದು ಮಾಡಿ, ಬುಷ್ ಕೂರಿಸಿ ಕೊಡುತ್ತಾರೆ. ಆ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ತೋರಣಗಲ್ಲಿನಲ್ಲೋ ಗಿಣಿಗೇರಾದಲ್ಲೋ ಇಳಿಯುವ ಸಣ್ಣ ಪಿಸ್ಟನ್ ವಿಮಾನಕ್ಕೆ ಅದೇ ಮದ್ದು ನಡೆಯುವುದಿಲ್ಲ. ಬೈಕಿನ ಪ್ಲಗ್ ಹಾರಿಹೋದರೆ ಗಾಡಿಯನ್ನು ತಳ್ಳಿಕೊಂಡು ಹೋಗಬಹುದು. ಹಾರಾಟದಲ್ಲಿ ಹಾಗಾದರೆ ಒಂದು ಸಿಲಿಂಡರ್ ಕೈಕೊಡುತ್ತದೆ, ಉರಿಯುವ ಅನಿಲ ಎಂಜಿನ್ ಹೊದಿಕೆಯಾದ ಕೌಲಿಂಗ್‌ನ ಒಳಗೆ ನುಗ್ಗುತ್ತದೆ.

ನಮ್ಮ ಜಿಲ್ಲೆಗಳಿಂದ ವಿಮಾನ ನಿರ್ವಹಣೆ ಕಲಿಯಲು ಹೋಗಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಸಹಿ ಹಾಕುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಇರುವ ಎಂಜಿನಿಯರ್‌ಗೆ ಮಾತ್ರ ಇದೆ. ಪಿಸ್ಟನ್ ವಿಮಾನಗಳಿಗೆ ಅದು ಬಿ1.2 ವರ್ಗದ ಪರವಾನಗಿ. ಅವರ ಕಣ್ಣೆದುರು, ಎಂಜಿನ್ ತಯಾರಕರ ಕೈಪಿಡಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಮುಂದಿನ ಹೆಜ್ಜೆಗಳನ್ನು ಇಡಬೇಕು.

ಮೊದಲು ರಂಧ್ರದ ಒಳಗೇನಿದೆ ತಿಳಿಯಿರಿ

ಸಣ್ಣ ವಿಮಾನಗಳಿಗೆ ಹಾಕುವ ಲೈಕಮಿಂಗ್, ಕಾಂಟಿನೆಂಟಲ್ ಕಂಪನಿಗಳ ಎಂಜಿನ್‌ಗಳಲ್ಲಿ ಸಿಲಿಂಡರಿಗೆ ಎರಡು ಪ್ಲಗ್‌ಗಳು, ಥ್ರೆಡ್ 18 ಮಿ.ಮೀ. ಪ್ಲಗ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ನೂರಾರು ಸಲ ಬಿಚ್ಚಿ ಹಾಕುವ ಉಕ್ಕಿನ ಪ್ಲಗ್ಗನ್ನು ಅಲ್ಯೂಮಿನಿಯಂ ತಾಳಲಾರದು. ಹಾಗಾಗಿ ಹೆಲಿಕಾಯಿಲ್ ಎಂಬ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿಯನ್ನು ಕಾರ್ಖಾನೆಯಲ್ಲೇ ರಂಧ್ರದೊಳಗೆ ಕೂರಿಸಿರುತ್ತಾರೆ. ಪ್ಲಗ್ ಹಿಡಿದುಕೊಳ್ಳುವುದು ಈ ಸುರುಳಿಯನ್ನು. ಸುರುಳಿ ಹಿಡಿದುಕೊಳ್ಳುವುದು ಹೆಡ್ಡನ್ನು. ಕೆಟ್ಟಿರುವುದು ಸುರುಳಿಯೋ, ಅದರ ಹಿಂದಿನ ಅಲ್ಯೂಮಿನಿಯಮ್ಮೋ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ರಿಪೇರಿ ನಿಂತಿದೆ.

(ಹಗುರ ವಿಮಾನಗಳಲ್ಲಿ ಬರುವ ರೋಟಾಕ್ಸ್ 912 ಎಂಜಿನ್‌ನ ಪ್ಲಗ್ 12 ಮಿ.ಮೀ. ಇಲ್ಲಿ ಹೇಳುವ ಅಳತೆ, ಬಿಗಿತಗಳು ಅದಕ್ಕೆ ಹೊಂದುವುದಿಲ್ಲ.)

ಬಿಚ್ಚುವ ಮುನ್ನ

ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಒದಗಿಸುವ ಮ್ಯಾಗ್ನೆಟೊದ ಸ್ವಿಚ್ ಆಫ್ ಮಾಡಿ, ಎಲ್ಲ ಸಿಲಿಂಡರ್‌ಗಳ ಪ್ಲಗ್ ತಂತಿಗಳನ್ನೂ ಕಳಚಿ. ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್‌ಗೆ ಜೀವವಿದೆ ಎಂದೇ ತಿಳಿದು ನಡೆದುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಲಿ; ನಮ್ಮ ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರಿನ ಬಿಸಿಲಿನಲ್ಲಿ, ಇದಕ್ಕೆ ಬಹಳ ಹೊತ್ತು ಬೇಕು. ಪ್ಲಗ್ ಸಡಿಲಿಸುವ ಮೊದಲು ಅದರ ಬುಡಕ್ಕೆ ಗಾಳಿ ಹೊಡೆಯಿರಿ. ಸಂಡೂರು ಕಡೆಯ ಕೆಂಪು ಧೂಳಿನಲ್ಲಿರುವುದು ಕಬ್ಬಿಣದ ಅದಿರಿನ ಪುಡಿ. ಅದು ಸಿಲಿಂಡರ್‌ನೊಳಗೆ ಬಿದ್ದರೆ ಗೋಡೆಯನ್ನು ಕೆರೆಯದೆ ಬಿಡುವುದಿಲ್ಲ.

ಪರೀಕ್ಷೆ

ಹೊರಬಂದ ಪ್ಲಗ್ಗನ್ನೇ ಮೊದಲು ನೋಡಿ. ಅದರ ಥ್ರೆಡ್‌ಗೆ ಸುರುಳಿ ಸುತ್ತಿಕೊಂಡು ಬಂದಿದ್ದರೆ ರಂಧ್ರದಲ್ಲಿ ಉಳಿದಿರುವುದು ಬರೀ ಅಲ್ಯೂಮಿನಿಯಂ. ಆ ಸುರುಳಿಯನ್ನು ಪ್ಲಗ್ ಸಮೇತ ಮತ್ತೆ ತಿರುಗಿಸಿ ಹಾಕುವ ಯೋಚನೆ ಬೇಡವೇ ಬೇಡ. ಪ್ಲಗ್ ಥ್ರೆಡ್‌ನ ಸಂದುಗಳಲ್ಲಿ ಬೆಳ್ಳಿಯಂಥ ಚೂರುಗಳಿದ್ದರೆ ಅದು ಹೆಡ್ಡಿನ ಲೋಹ, ಅಂದರೆ ಏಟು ಆಳಕ್ಕೆ ಹೋಗಿದೆ. ಕಪ್ಪು, ಬೂದು ಬಣ್ಣದ ಗಟ್ಟಿ ಪದರ ಮಾತ್ರ ಕಂಡರೆ ಅದು ಕಾರ್ಬನ್ ಮತ್ತು ಏವಿಗ್ಯಾಸ್ ಎಂಬ ವಿಮಾನ ಪೆಟ್ರೋಲಿನ ಸೀಸ. ಥ್ರೆಡ್ ಕೆಟ್ಟಿಲ್ಲದಿರಬಹುದು, ಬರೀ ಕಟ್ಟಿಕೊಂಡಿರಬಹುದು. ಹಳೆಯ ತಾಮ್ರದ ವಾಷರ್ ರಂಧ್ರದಲ್ಲೇ ಅಂಟಿಕೊಂಡಿದೆಯೇ ಎಂದೂ ನೋಡಿ. ಅದರ ಮೇಲೆ ಇನ್ನೊಂದು ವಾಷರ್ ಬಿದ್ದರೆ ಪ್ಲಗ್ ಪೂರ್ತಿ ಒಳಗೆ ಇಳಿಯುವುದಿಲ್ಲ. ರಂಧ್ರದ ಕೊನೆಯ ಥ್ರೆಡ್‌ಗಳು ಬೆಂಕಿಗೆ ತೆರೆದುಕೊಂಡು ಕಾರ್ಬನ್ ಕಟ್ಟುತ್ತವೆ. ರೀಚ್, ಅಂದರೆ ಥ್ರೆಡ್ ಇರುವ ಭಾಗದ ಉದ್ದ, ಗಿಡ್ಡವಿರುವ ಪ್ಲಗ್ ಹಾಕಿದರೂ ಇದೇ ಕಥೆ.

ಕಟ್ಟಿಕೊಂಡಿದ್ದರೆ

18 ಮಿ.ಮೀ. ಪ್ಲಗ್ ಥ್ರೆಡ್ ಶುಚಿಗೊಳಿಸುವ ಟ್ಯಾಪ್ ಬಳಸಿ. ಪಿಸ್ಟನ್ ಕೆಳಗಿರಲಿ. ಟ್ಯಾಪ್‌ನ ಕಾಲುವೆಗಳಿಗೆ ಗ್ರೀಸ್ ತುಂಬಿದರೆ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ. ಬೆರಳಿನಿಂದಲೇ ಶುರುಮಾಡಿ. ಟ್ಯಾಪ್ ತಾನೇ ದಾರಿ ಹುಡುಕಿಕೊಂಡು ಇಳಿಯಬೇಕು. ತಡೆದರೆ ಹಿಂದಕ್ಕೆ ತಿರುಗಿಸಿ, ಹೊರತೆಗೆದು ಒರೆಸಿ, ಮತ್ತೆ ಗ್ರೀಸ್ ಹಚ್ಚಿ. ಎಷ್ಟೋ ಕಡೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ, ಆದರೂ ಅವಸರಕ್ಕೆ ಬಿದ್ದು ಸುರುಳಿ ಕೀಳಲು ಹೊರಡುವವರಿದ್ದಾರೆ. ಕತ್ತರಿಸಿದ ಲೋಹ ಮರಳಿ ಬರುವುದಿಲ್ಲ, ಆದ್ದರಿಂದ ಮೆತ್ತಗಿನ ಉಪಾಯವೇ ಮೊದಲು.

ಸುರುಳಿ ಬದಲಿಸುವುದು

ವಿಮಾನ ಪ್ಲಗ್‌ನ ಸುರುಳಿಗೆ ಹೊರತುದಿಯಲ್ಲಿ ಹಲ್ಲುಗಳಿರುತ್ತವೆ. ಕೂರಿಸುವಾಗ ಅವನ್ನು ಹಿಗ್ಗಿಸಿ ಅಲ್ಯೂಮಿನಿಯಮ್ಮಿಗೆ ಕಚ್ಚಿಸಿರುತ್ತಾರೆ. ತೆಗೆಯುವ ಮೊದಲು ಆ ಹೊರಸುತ್ತನ್ನು ನಾಜೂಕಾಗಿ ಒಳಮುಖವಾಗಿ ಎಬ್ಬಿಸಿ. ನಂತರ ಸುರುಳಿ ಕೀಳುವ ಉಪಕರಣವನ್ನು ಒಳಗಿಟ್ಟು, ಅದರ ಅಂಚು ಕಚ್ಚುವಷ್ಟು ಮಾತ್ರ ಸುತ್ತಿಗೆಯಿಂದ ತಟ್ಟಿ. ಕೆಳಗೊತ್ತುತ್ತಲೇ ಎಡಕ್ಕೆ ತಿರುಗಿಸಿ. ಸುರುಳಿ ಬಿಗಿ ಬಿಟ್ಟು, ಒಂದೊಂದೇ ಸುತ್ತು ಮೇಲೇರಿ ಬರುತ್ತದೆ.

ಈಗ ರಂಧ್ರದೊಳಗೆ ಇಣುಕಿ ನೋಡುವ ಬೋರ್‌ಸ್ಕೋಪ್ ಅಥವಾ ಭೂತಗನ್ನಡಿಯಲ್ಲಿ ಅಲ್ಯೂಮಿನಿಯಂ ಥ್ರೆಡ್ ನೋಡಿ. ಏಣುಗಳು ಚೂಪಾಗಿ, ಸಾಲು ಕಡಿಯದೆ ಇದ್ದರೆ ಅದೇ ಅಳತೆಯ ಹೊಸ ಸುರುಳಿ ಸಾಕು. ಸ್ವಲ್ಪ ಸವೆದಿದ್ದರೆ ತಯಾರಕರೇ ಒದಗಿಸುವ ಓವರ್‌ಸೈಜ್ (ಮೂಲ ಅಳತೆಗಿಂತ ತುಸು ದೊಡ್ಡ) ಸುರುಳಿ, ಅದಕ್ಕೆಂದೇ ಇರುವ ಟ್ಯಾಪ್. ಏಣು ಹರಿದಿದ್ದರೆ ಅಥವಾ ಬಿರುಕು ಕಂಡರೆ ಸಿಲಿಂಡರ್ ಕಳಚಿ ಅನುಮೋದಿತ ವರ್ಕ್‌ಶಾಪಿಗೆ ಕಳಿಸುವುದೊಂದೇ ದಾರಿ. ಖರ್ಚಿನ ಮಾತು ಬಂದಾಗ ಮಾಲೀಕರು ಚೌಕಾಸಿಗೆ ಇಳಿಯಬಹುದು. ಇಲ್ಲಿ ಮೆಕ್ಯಾನಿಕ್ ಜಗ್ಗಬಾರದು.

ಹೊಸ ಸುರುಳಿಯನ್ನು ಅದರದೇ ಉಪಕರಣದಲ್ಲಿ ಸುತ್ತಿ ಇಳಿಸಿ. ಹೊರತುದಿ ವಾಷರ್ ಕೂರುವ ಮೇಲ್ಮೈಗಿಂತ ತುಸು ಒಳಗಿರಬೇಕು. ಒಳತುದಿ ದಹನ ಕೋಣೆಗೆ ಚಾಚಿದರೆ ಕೆಂಪಗೆ ಕಾದು, ಕಿಡಿ ಹಾರುವ ಮೊದಲೇ ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ತೂತಾಗಲು ಅಷ್ಟು ಸಾಕು. ತಿರುಗಿಸಲೆಂದು ಇರುವ ಬಾಲವನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದೇ ಮುರಿಯಿರಿ, ಸಿಲಿಂಡರ್‌ಗೆ ಬೀಳದಿರಲಿ. ಆಮೇಲೆ ಹಿಗ್ಗಿಸುವ ಉಪಕರಣದಿಂದ ಹಲ್ಲುಗಳನ್ನು ಕಚ್ಚಿಸಿ. ಇದನ್ನು ಮರೆತರೆ ಮುಂದಿನ ಸಲ ಪ್ಲಗ್ ಜೊತೆಗೆ ಸುರುಳಿಯೂ ಬರುತ್ತದೆ. ಕೊನೆಗೆ ಸಣ್ಣ ಕೊಳವೆಯ ವ್ಯಾಕ್ಯೂಮ್‌ನಿಂದ ಒಳಗನ್ನು ಹೀರಿ, ಬೋರ್‌ಸ್ಕೋಪ್ ಹಾಕಿ ಪಿಸ್ಟನ್ ತಲೆಯ ಮೇಲೆ ಚೂರು ಉಳಿದಿಲ್ಲವೆಂದು ಕಣ್ಣಾರೆ ನೋಡಿ.

ಪ್ಲಗ್ ಮರಳಿ ಹಾಕುವಾಗ

ಹೊಸ ತಾಮ್ರದ ವಾಷರ್ ಹಾಕಿ. ಥ್ರೆಡ್ ಕಟ್ಟಿಕೊಳ್ಳದಂತೆ ಹಚ್ಚುವ ಆ್ಯಂಟಿ-ಸೀಜ್ ಪೇಸ್ಟ್ ತೆಳುವಾಗಿರಲಿ. ಕಿಡಿಯ ತುದಿಯ ಮೊದಲ ಥ್ರೆಡ್‌ಗೆ ತಾಗದಿರಲಿ, ಎಲೆಕ್ಟ್ರೋಡ್‌ಗೆ ಹರಿದರೆ ಪ್ಲಗ್ ಕಿಡಿ ಬಿಡುವುದಿಲ್ಲ. ವಾಷರ್ ತಾಗುವವರೆಗೂ ಪ್ಲಗ್ ಬೆರಳಲ್ಲೇ ಸಲೀಸಾಗಿ ಇಳಿಯಬೇಕು. ಮಧ್ಯೆ ಪಾನಾ ಬೇಕೆನಿಸಿದರೆ ನಿಲ್ಲಿಸಿ, ಬಿಚ್ಚಿ, ಕಾರಣ ಹುಡುಕಿ. ಅಡ್ಡ ಥ್ರೆಡ್ ಹುಟ್ಟುವುದೇ ಆ ಗಳಿಗೆಯಲ್ಲಿ. ಕೈಅಂದಾಜಿಗೆ ಇಲ್ಲಿ ಜಾಗವಿಲ್ಲ: ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಲೈಕಮಿಂಗ್‌ಗೆ 35 ಅಡಿ-ಪೌಂಡ್, ಕಾಂಟಿನೆಂಟಲ್‌ಗೆ 25ರಿಂದ 30, ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಸಿಲಿಂಡರ್ ಒತ್ತಡ ಹಿಡಿದಿಡುತ್ತದೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಗೆ ಗಾಳಿ ತುಂಬಿದಾಗ, ರಿಪೇರಿಯಾದ ಪ್ಲಗ್‌ನ ಬುಡಕ್ಕೆ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ವಾಷರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸುರುಳಿಯ ಸುತ್ತಲಿನ ಥ್ರೆಡ್ ಹಿಡಿತ ಬಿಟ್ಟಿದೆ. ವಾಷರ್ ಬದಲಿಸಿ ನೋಡಿ. ಆಮೇಲೂ ಗುಳ್ಳೆ ಬಂದರೆ ಸಿಲಿಂಡರ್ ಕಳಚಲೇಬೇಕು. ಗುಳ್ಳೆ ಇಲ್ಲದಿದ್ದರೆ ತಂತಿ ಜೋಡಿಸಿ, ನೆಲದ ಮೇಲೆ ಎಂಜಿನ್ ಓಡಿಸಿ, ಎರಡೂ ಮ್ಯಾಗ್ನೆಟೊ ಪರೀಕ್ಷಿಸಿ. ಯಾವ ಸಿಲಿಂಡರ್, ಮೇಲಿನ ರಂಧ್ರವೋ ಕೆಳಗಿನದೋ, ಮೂಲ ಅಳತೆಯ ಸುರುಳಿಯೋ ಓವರ್‌ಸೈಜೋ ಎಂಬುದನ್ನು ಲಾಗ್‌ಬುಕ್‌ನಲ್ಲಿ ಬರೆದು ಎಂಜಿನಿಯರ್ ಸಹಿ ಪಡೆಯಿರಿ. ಅಲ್ಲಿ ಓವರ್‌ಸೈಜ್ ಎಂದು ಬರೆಯದೆ ಬಿಟ್ಟರೆ, ಮುಂದೆ ಆ ರಂಧ್ರಕ್ಕೆ ಕೈಹಾಕುವವರು ಮೂಲ ಅಳತೆಯ ಸುರುಳಿಯನ್ನೇ ತಂದು ಕೂರಿಸುತ್ತಾರೆ.