ಘಾಟಿ ಮಂಜಿಗೆ ಫಾಗ್ ಲೈಟ್: ಪಿಕಪ್ಪಿಗೆ ವೈರಿಂಗ್ ಮಾಡುವುದು ಹೀಗೆ

ಹೋದ ಮಳೆಗಾಲ ಬಾಳೆಬರೆ ಘಾಟಿ ಇಳಿಯುವಾಗ ನಮ್ಮ ಪಿಕಪ್ಪಿನೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಡ್ಯಾಶ್‌ಬೋರ್ಡ್ ಕೆಳಗಿನ ಫಾಗ್ ಲೈಟ್ ಸ್ವಿಚ್ಚು ಮುಟ್ಟಲಾಗದಷ್ಟು ಬಿಸಿ. ಹೊರಗೆ ಮಾರು ದೂರ ಕಾಣದ ಮಂಜು, ಹಿಂದೆ ಬಾಳೆಗೊನೆ ಲೋಡು. ಮನೆಗೆ ಬಂದು ಬಿಚ್ಚಿ ನೋಡಿದೆ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ನೇರ ಲೈಟಿಗೆ. ನಡುವೆ ರಿಲೇಯೂ ಇಲ್ಲ, ಫ್ಯೂಸೂ ಇಲ್ಲ. ದುಡ್ಡೆಲ್ಲ ಲೈಟಿಗೆ ಸುರಿದು ವೈರಿನಲ್ಲಿ ಜುಗ್ಗತನ ಮಾಡಿದ್ದೆ, ಹಾಕಿಕೊಟ್ಟವರೂ ಬೇಡ ಅನ್ನಲಿಲ್ಲ. ಆಮೇಲೆ ಒಂದು ಭಾನುವಾರ ನಾನೇ ಕೂತು ಮಾಡಿದೆ. 12 ವೋಲ್ಟಿನ ಯಾವ ಪಿಕಪ್ಪಿಗಾದರೂ ಇದೇ ಕ್ರಮ.

ಮೊದಲು ಲೈಟಿನ ಮಾತು. ಮಂಜಿಗೆ ಬೇಕಾದದ್ದು ಬಂಪರಿನ ಹತ್ತಿರ, ತಗ್ಗಿನಲ್ಲಿ ಕೂರುವ ಅಗಲ ಬೆಳಕಿನ ಎರಡು ಲೈಟು, ಅಷ್ಟೇ. ಕ್ಯಾಬಿನ್ ಮೇಲೆ ಉದ್ದನೆ ಎಲ್‌ಇಡಿ ಬಾರ್ ಹಾಕಿದರೆ ಮಂಜಿನಲ್ಲಿ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಅನುಮತಿಯಿಲ್ಲದೆ ಮುಂದೆ ಸ್ಪಾಟ್ ಲೈಟ್ ಹಾಕುವುದಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಅಡ್ಡಿಯೂ ಇದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅಂತಾರಲ್ವಾ? ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದಪ್ಪ, ಅವು ಎಲ್ಲ ಬಣ್ಣವನ್ನೂ ಒಂದೇ ಥರ ಚದುರಿಸುತ್ತವೆ. ಕಣ್ಣಿಗೆ ಹಿತ ಅನ್ನಿಸಿದರೆ ಹಳದಿಯನ್ನೇ ಹಾಕಿಕೊಳ್ಳಿ.

ಇನ್ನು ಲೆಕ್ಕ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ಅಂದರೆ 110 ವ್ಯಾಟ್, ಸುಮಾರು 9 ಆಂಪಿಯರ್. ಅದಕ್ಕೆ 15 ಆಂಪಿಯರ್ ಫ್ಯೂಸು, 2.5 ಚದರ ಮಿಲಿಮೀಟರ್ ವೈರು. 20 ವ್ಯಾಟಿನ ಎರಡು ಎಲ್‌ಇಡಿಗಾದರೆ ಮೂರೂವರೆ ಆಂಪಿಯರ್ ಒಳಗೇ ಆಯಿತು, ಏಳೂವರೆ ಆಂಪಿಯರ್ ಫ್ಯೂಸು ಸಾಕು. ವೈರಿನಲ್ಲಿ ಉಳಿಸಲು ಹೋಗಬೇಡಿ. ಅರ್ಧ ಚದರ ಮಿಲಿಮೀಟರಿನ ಸಣ್ಣ ವೈರಿನಲ್ಲಿ ಆ 9 ಆಂಪಿಯರ್ ಹರಿಸಿದರೆ 3 ಮೀಟರಿಗೆ ಹತ್ತಿರ ಹತ್ತಿರ 1 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಅಷ್ಟಕ್ಕೇ ಹ್ಯಾಲೊಜೆನ್ನಿನ ಬೆಳಕು ಕಾಲು ಭಾಗ ಕಡಿಮೆ. ವೈರು ಬಿಸಿಯಾಗುವುದು ಬೇರೆ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ.

ಈಗ ರಿಲೇ. ಲೈಟಿನ ದೊಡ್ಡ ಕರೆಂಟನ್ನು ಸ್ವಿಚ್ಚಿನ ಮೂಲಕ ಹರಿಸದೆ, ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವುದೇ ಇದರ ಕೆಲಸ. ಕಾಲ್ವೆಯ ತೂಬು ಇದ್ದ ಹಾಗೆ, ಎತ್ತಲು ಒಂದು ಕೈ ಸಾಕು, ಹರಿಯುವ ನೀರು ಎಷ್ಟಿದ್ದರೇನು! ನಾಲ್ಕು ಕಾಲಿನ 12 ವೋಲ್ಟ್ ರಿಲೇ ತಿರುಗಿಸಿ ನೋಡಿ, ಕಾಲುಗಳ ಪಕ್ಕ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ ಪಾಸಿಟಿವ್, ಫ್ಯೂಸಿನ ಮೂಲಕ. ಫ್ಯೂಸು ಬ್ಯಾಟರಿಗೆ ಒಂದು ಗೇಣಿನೊಳಗೆ ಇರಲಿ. ದೂರ ಇಟ್ಟರೆ ನಡುವಿನ ವೈರು ಉಜ್ಜಿ ಬಾಡಿಗೆ ತಾಗಿದಾಗ ಕಾಯುವವರು ಯಾರೂ ಇಲ್ಲ. 87ರಿಂದ ಎರಡು ಲೈಟಿನ ಪಾಸಿಟಿವ್. 85 ಅರ್ತಿಗೆ, ಅಂದರೆ ಗಾಡಿಯ ಬಾಡಿಯ ತಗಡಿಗೆ. ಲೈಟುಗಳ ನೆಗೆಟಿವ್ ಕೂಡ ಅರ್ತಿಗೇ. 86ಕ್ಕೆ ಸ್ವಿಚ್ಚಿನಿಂದ ಬರುವ ವೈರು, ಇದಕ್ಕೆ 1 ಚದರ ಮಿಲಿಮೀಟರ್ ಧಾರಾಳ.

ಸ್ವಿಚ್ಚಿಗೆ ಕರೆಂಟನ್ನು ಬ್ಯಾಟರಿಯಿಂದ ನೇರ ಕೊಡಬೇಡಿ. ಮರೆತು ಮಲಗಿದರೆ ಬೆಳಿಗ್ಗೆ ತಳ್ಳಿ ಸ್ಟಾರ್ಟ್ ಮಾಡಬೇಕು. ಫ್ಯೂಸ್ ಬಾಕ್ಸಿನಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು, ಕೀ ಹಾಕಿದಾಗ ಮಾತ್ರ ಉರಿಯುವ ಜಾಗ ಹುಡುಕಿ (ಇದಕ್ಕೆ ಮಾತ್ರ ನೆಗೆಟಿವ್ ಸ್ವಲ್ಪ ಹೊತ್ತು ಸಿಕ್ಕಿಸಬೇಕು). ಅಲ್ಲಿಂದ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗಕ್ಕೆ ಸಿಕ್ಕಿಸಿ ಇನ್ನೊಂದು ಲೈನ್ ತೆಗೆಯುವ ಕನೆಕ್ಟರ್) ಹಾಕಿ ಸಣ್ಣ ಫ್ಯೂಸಿನೊಂದಿಗೆ ಲೈನ್ ತೆಗೆದುಕೊಳ್ಳಿ. ಹೊಸ ಗಾಡಿಯಾದರೆ ಹೆಡ್‌ಲೈಟ್ ವೈರನ್ನು ಸುಲಿದು ಸುತ್ತುವ ಹಳೇ ಪದ್ಧತಿ ಬೇಡವೇ ಬೇಡ, ವಾರಂಟಿಗೂ ತಕರಾರು.

ಇಷ್ಟು ಎಲ್ಲ ಊರಿಗೂ ಒಂದೇ. ಮಲೆನಾಡಿನಲ್ಲಿ ಇದರ ಮೇಲೆ ನೀರಿನ ಲೆಕ್ಕ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬರೀ ಟೇಪ್ ಸುತ್ತಿದ ಜಾಯಿಂಟು ಅಲ್ಲಿ ಆರಿದ್ರೆ ಮಳೆಗೇ ಹಸಿರು ಹಿಡಿಯುತ್ತದೆ. ವೈರಿನ ತುದಿಗೆ ಲಗ್ (ಲೋಹದ ಸಣ್ಣ ತೊಡಿಗೆ) ಹಾಕಿ ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಏರಿಸಿ. ರಿಲೇಯನ್ನು ಕಾಲು ಕೆಳಗಾಗಿ ಕೂರಿಸಿ. ಲೈಟಿಗೆ ಹೋಗುವ ವೈರನ್ನು ಒಂದಿಷ್ಟು ಜೋಲು ಬಿಟ್ಟು ಕೆಳಗಿನಿಂದ ಮೇಲಕ್ಕೆ ತನ್ನಿ, ನೀರು ಒಳಗೆ ಹೋಗದೆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಕ್ಯಾಬಿನ್ನಿನ ತಗಡು ದಾಟುವ ಕಡೆ ರಬ್ಬರ್ ಬುಷ್ ಇಲ್ಲದೆ ವೈರು ತೂರಿಸಬೇಡಿ. ಉದ್ದಕ್ಕೂ ಸುರುಳಿ ಪೈಪ್ ಹಾಕಿದರೆ ಉಜ್ಜುವುದು ತಪ್ಪುತ್ತದೆ. ಇಲಿಗೂ ಸ್ವಲ್ಪ ತಡೆ, ಪೂರ್ತಿ ಅಂತ ಹೇಳಲಾರೆ. ಅಡಿಕೆ ಅಟ್ಟದ ಕೆಳಗೆ ಗಾಡಿ ನಿಲ್ಲಿಸುವವರಿಗೆ ಗೊತ್ತಿರುತ್ತದೆ.

ಲೈಟ್ ಮಿಣುಕುತ್ತಿದೆ ಅಂದರೆ ಮೊದಲು ಅರ್ತ್ ನೋಡಿ. ಬೋಲ್ಟ್ ಕೂರುವ ಜಾಗದ ಪೇಂಟನ್ನು ಎಮರಿ ಪೇಪರಿನಲ್ಲಿ ತಿಕ್ಕಿ ತಗಡು ಹೊಳೆಯುವಂತೆ ಮಾಡಬೇಕು. ಬಿಗಿದ ಮೇಲೆ ಗ್ರೀಸ್ ಸವರಿ.

ಕೊನೆಗೆ ನೆಗೆಟಿವ್ ಹಾಕಿ, ಸಂಜೆಗತ್ತಲಲ್ಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ. ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ 4 ಇಂಚು ಕೆಳಗೆ ಬೀಳುವಂತೆ ತಿರುಗಿಸಿ ಬಿಗಿಯಿರಿ. ಆಗುಂಬೆಯ 14 ತಿರುವಿನಲ್ಲಿ ಎದುರು ಬರುವ ಬಸ್ಸಿನವರು ಬೈಯಬಾರದಲ್ಲ. ಆಮೇಲೆ ಎಂಜಿನ್ ಚಾಲೂ ಇಟ್ಟು ಕಾಲು ಗಂಟೆ ಲೈಟ್ ಉರಿಸಿ, ಬಂಪರಿಗೆ ಪೈಪಿನಲ್ಲಿ ನೀರು ಹೊಡೆಯಿರಿ. ಆಮೇಲೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ಫ್ಯೂಸಿನ ಹೋಲ್ಡರ್, ವೈರಿನ ಜಾಯಿಂಟು ಒಂದೊಂದನ್ನೇ ಮುಟ್ಟಿ ನೋಡಿ. ಒಂದು ಜಾಯಿಂಟು ಮಾತ್ರ ಬೇರೆಯವಕ್ಕಿಂತ ಬಿಸಿ ಇದ್ದರೆ ಅಲ್ಲಿನ ಲಗ್ ಸಡಿಲ ಇದೆ, ಕತ್ತರಿಸಿ ಮತ್ತೆ ಒತ್ತಿ.