ದುರ್ಗದ ಗಾಳಿಗೆ ಚಿಕ್ಕ ಟೆಲಿಸ್ಕೋಪ್ ಹದ ಮಾಡಿಕೊಂಡದ್ದು

ನನ್ನದು 114 ಮಿ.ಮೀ. ಕನ್ನಡಿ, 900 ಮಿ.ಮೀ. ನಾಭಿದೂರದ ನ್ಯೂಟೋನಿಯನ್ ಟೆಲಿಸ್ಕೋಪ್; ಅಂದರೆ ಕೊಳವೆಯ ತಳದ ದೊಡ್ಡ ಕನ್ನಡಿ ಬೆಳಕು ಕೂಡಿಸುತ್ತದೆ, ಬಾಯಿಯ ಬಳಿಯ ಚಿಕ್ಕ ಕನ್ನಡಿ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ ಚಂದ್ರ 90 ಪಟ್ಟು ಹಿಗ್ಗುತ್ತಾನೆ, ಜತೆಗೆ ಅಲುಗಾಟವೂ ಅಷ್ಟೇ ಹಿಗ್ಗುತ್ತದೆ. ಚಿತ್ರದುರ್ಗ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು. ಇಲ್ಲಿ ಹೊಸ ಐಪೀಸ್‌ಗೆ ದುಡ್ಡು ಹಾಕುವ ಮೊದಲು ಟ್ರೈಪಾಡ್ ಸರಿಮಾಡಿಕೊಳ್ಳಬೇಕು.

ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡಕ್ಕೇ ಬಿಟ್ಟು, ಸ್ಟೂಲಿನ ಮೇಲೆ ಕೂತು ನೋಡುತ್ತೇನೆ. ಕಾಲು ತಲೆಗೆ ಸೇರುವಲ್ಲಿ ಬೋಲ್ಟ್ ಬಿಗಿದರೂ ಸಂದು ಉಳಿಯುತ್ತದೆ. ಅಲ್ಲಿ ತೆಳು ಕಬ್ಬಿಣದ ವಾಷರ್ ತುಂಬಿದೆ. ಆ ಜಾಗಕ್ಕೆ ರಬ್ಬರ್ ಬೇಡ, ಕೀಲು ಮತ್ತೆ ಸಡಿಲವಾಗುತ್ತದೆ. ರಬ್ಬರ್ ಬೇಕಾದದ್ದು ಪಾದದಡಿ: ಸೈಕಲ್ ಟ್ಯೂಬನ್ನು ನಾಲ್ಕು ಪದರ ಮಡಿಸಿ ಇಟ್ಟರೆ ತಾರಸಿಯ ಮೇಲೆ ಕಂಪನ ಬೇಗ ಸಾಯುತ್ತದೆ. ಕಾಲುಗಳ ನಡುವಿನ ತಟ್ಟೆಗೆ 5 ಕಿಲೋ ಮರಳಿನ ಚೀಲ ಕಟ್ಟಿ, ಅದರ ತಳ ನೆಲಕ್ಕೆ ತುಸು ತಾಗುವಂತೆ ಬಿಡುತ್ತೇನೆ. ನೇತಾಡುವ ಚೀಲ ಗಾಳಿಗೆ ತೂಗಿ ಟೆಲಿಸ್ಕೋಪನ್ನೂ ಅಲ್ಲಾಡಿಸುತ್ತದೆ. ಕೊಳವೆಗೆ ಬೆರಳಲ್ಲಿ ತಟ್ಟಿದರೆ ಐದು ಸೆಕೆಂಡ್ ನಡುಗುತ್ತಿದ್ದ ನಕ್ಷತ್ರ ಈಗ ಒಂದೂವರೆ ಸೆಕೆಂಡಿಗೆ ನಿಲ್ಲುತ್ತದೆ.

ಇನ್ನು ಕನ್ನಡಿಗಳ ಜೋಡಣೆ. ದೊಡ್ಡ ಕನ್ನಡಿ ಕೂತ ಹಿಂಬದಿಯ ಚೌಕಟ್ಟು ಬಿಚ್ಚುವ ಮುಂಚೆ ಕೊಳವೆಗೂ ಅದಕ್ಕೂ ಸೇರಿ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಕನ್ನಡಿಯನ್ನು ಹಿಡಿದ ಮೂರು ಕ್ಲಿಪ್ ಬಿಗಿಯಾಗಿದ್ದರೆ ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ; ಕ್ಲಿಪ್ ಮತ್ತು ಗಾಜಿನ ನಡುವೆ ಪೋಸ್ಟ್‌ಕಾರ್ಡ್ ಸಲೀಸಾಗಿ ಜಾರುವಷ್ಟು ಸಡಿಲಿಸಿ. ಕನ್ನಡಿಯ ಅಳತೆಗೆ ಕತ್ತರಿಸಿದ ಕಾಗದವನ್ನು ಎರಡು ಬಾರಿ ಮಡಿಸಿ ತುದಿ ಕತ್ತರಿಸಿದರೆ ನಡು ಸಿಗುತ್ತದೆ. ಅಲ್ಲಿ ಸಣ್ಣ ಅಂಟು ಉಂಗುರ ಹಚ್ಚಿ. ಆ ಭಾಗ ಹೇಗೂ ಚಿಕ್ಕ ಕನ್ನಡಿಯ ನೆರಳಲ್ಲಿರುವುದರಿಂದ ಬೆಳಕು ನಷ್ಟವಾಗದು. ಗೆರೆ ಕೂಡಿಸಿ ಚೌಕಟ್ಟು ಮರಳಿ ಹಾಕಿದ ಮೇಲೆ, ಫೋಕಸರ್‌ನ (ಐಪೀಸ್ ಕೂರುವ ಕೊಳವೆ) ಮುಚ್ಚಳಕ್ಕೆ ನಟ್ಟನಡುವೆ 2 ಮಿ.ಮೀ. ತೂತು ಕೊರೆದು ಇಣುಕಿ. ಮೊದಲು ಚಿಕ್ಕ ಕನ್ನಡಿಯ ಮೂರು ಸ್ಕ್ರೂ ತಿರುಗಿಸಿ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ ಮಾಡಿ. ಆಮೇಲೆ ದೊಡ್ಡ ಕನ್ನಡಿಯ ಹಿಂದಿನ ಸ್ಕ್ರೂಗಳಿಂದ ತೂತಿನ ಪ್ರತಿಬಿಂಬ ಉಂಗುರದೊಳಗೆ ಕೂರಿಸಿ.

ಕೊನೆಯ ಪರೀಕ್ಷೆಗೆ ಪುಸ್ತಕಗಳು ಧ್ರುವನಕ್ಷತ್ರ ಹೇಳುತ್ತವೆ. ಇಲ್ಲಿ ಅದು ಬರೀ 14 ಡಿಗ್ರಿ ಎತ್ತರದಲ್ಲಿ, ದಿಗಂತದ ಮಬ್ಬಿನಲ್ಲಿ ಕುದಿಯುತ್ತಿರುತ್ತದೆ. ಚಳಿಗಾಲಕ್ಕೆ ರೋಹಿಣಿ, ಬೇಸಿಗೆಗೆ ಸ್ವಾತಿ ವಾಸಿ. ಎರಡೂ ನಮ್ಮ ನೆತ್ತಿಯ ಹತ್ತಿರವೇ ಹಾಯುತ್ತವೆ. ಟೆಲಿಸ್ಕೋಪನ್ನು ಅರ್ಧ ಗಂಟೆ ಹೊರಗೆ ತಣಿಯಲು ಬಿಟ್ಟು, ಫೋಕಸ್ ತುಸು ಕೆಡಿಸಿ ನೋಡಿ. ಉಂಗುರಗಳು ಒಂದರೊಳಗೊಂದು ಸಮನಾಗಿದ್ದರೆ ಜೋಡಣೆ ಸರಿಯಿದೆ.

ಬೀದಿದೀಪದ ಬೆಳಕು ಒಳಗೋಡೆಯ ಕಪ್ಪು ಬಣ್ಣದ ಮೇಲೂ ಮಿನುಗುತ್ತದೆ. ಕನ್ನಡಿ ಹೊರಗಿಟ್ಟಿದ್ದಾಗಲೇ, ಫೋಕಸರ್‌ಗೆ ಎದುರಿನ ಗೋಡೆಗೆ 25 ಸೆಂ.ಮೀ. ಉದ್ದ ಕಪ್ಪು ಮಖಮಲ್ ಅಂಟಿಸಿ, ಅಂಟಿನ ವಾಸನೆ ಹೋಗುವವರೆಗೆ ಕಾದು, ಬ್ರಷ್‌ನಿಂದ ನೂಲಿನ ಚೂರು ತೆಗೆದು ಕನ್ನಡಿ ಕೂರಿಸಿದೆ. ಬಾಯಿಗೆ ಕಪ್ಪು ಚಾರ್ಟ್ ಪೇಪರಿನ 20 ಸೆಂ.ಮೀ. ಕೊರಳು ಹಾಕಿದ್ದೇನೆ; ಆಷಾಢದಲ್ಲಿ ಅದು ಗಾಳಿ ಹಿಡಿಯುವುದರಿಂದ ತೆಗೆದಿಡುತ್ತೇನೆ.

ಕೆಲವು ಚಿಕ್ಕ ಟೆಲಿಸ್ಕೋಪ್‌ಗಳ ಜತೆ ಐಪೀಸ್‌ಗೆ ತಿರುಪುವ ಸೂರ್ಯನ ಫಿಲ್ಟರ್ ಬರುತ್ತದೆ. ಬೆಳಕೆಲ್ಲ ಒಂದೆಡೆ ಸೇರುವ ನಾಭಿಯ ಬಳಿಯ ಶಾಖಕ್ಕೆ ಆ ಗಾಜು ಒಮ್ಮೆಲೇ ಸೀಳಬಹುದು, ಕಣ್ಣು ಹೋಗುತ್ತದೆ. ಅದನ್ನು ಯಾರ ಕೈಗೂ ಸಿಗದಂತೆ ಒಡೆದು ಎಸೆಯಿರಿ.