ಎದುರಾಳಿ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳನ್ನು ಹೋಲಿಸುವುದು ಹೇಗೆ? ಟ್ರೋಫಿ ಎಣಿಸುವ ಮೊದಲು ಇಷ್ಟು ನೋಡಿ

2024ರ ನವೆಂಬರ್ ಕೊನೆಯಲ್ಲಿ ಒಹಾಯೊ ಸ್ಟೇಟ್ ತಂಡ ತನ್ನದೇ ಮೈದಾನದಲ್ಲಿ ಹಳೇ ಎದುರಾಳಿ ಮಿಷಿಗನ್‌ಗೆ 13-10ರಿಂದ ಸೋತಿತು. ಆ ಮ್ಯಾಚಿಗೆ ಬರುವಾಗ ಮಿಷಿಗನ್ ಆರು ಗೆದ್ದು ಐದು ಸೋತಿತ್ತು, ಅಂಥಾ ದೊಡ್ಡ ತಂಡವೇನೂ ಆಗಿರಲಿಲ್ಲ. ಕೋಚ್ ರಯಾನ್ ಡೇಗೆ ಅದು ಮಿಷಿಗನ್ ಎದುರು ಸತತ ನಾಲ್ಕನೇ ಸೋಲು. ಅವರನ್ನು ಮನೆಗೆ ಕಳಿಸಿ ಎಂದು ಕೂಗಿದವರಿಗೆ ಲೆಕ್ಕವೇ ಇಲ್ಲ. ಎರಡು ತಿಂಗಳು ತುಂಬುವ ಮೊದಲೇ ಅದೇ ಡೇ, ಅದೇ ತಂಡ, ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಹಾಗಾದರೆ ಡೇ ಒಳ್ಳೆಯ ಕೋಚೋ ಅಲ್ಲವೋ? ಈ ಪ್ರಶ್ನೆಗೆ ಉತ್ತರ ಸಿಗದೆ ಜನ ಜಗಳ ಆಡುವುದಕ್ಕೆ ಕಾರಣ ಒಂದೇ. ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆ ಸೇರಿಕೊಂಡಿವೆ. ಹಳೇ ಎದುರಾಳಿ ಜೊತೆಗಿನ ಆ ಒಂದು ರೈವಲ್ರಿ ಮ್ಯಾಚ್ ಯಾರು ಗೆಲ್ಲುತ್ತಾರೆ, ಇದು ಒಂದು. ಒಟ್ಟಾರೆ ದೊಡ್ಡ ಪ್ರೋಗ್ರಾಂ ಕಟ್ಟಿದ್ದು ಯಾರು, ಇದು ಎರಡು. ಕೈಗೆ ಸಿಕ್ಕಿದ್ದರಲ್ಲಿ ಜಾಸ್ತಿ ಮಾಡಿ ತೋರಿಸಿದ್ದು ಯಾರು, ಇದು ಮೂರು. ಇಬ್ಬರು ಕೋಚ್‌ಗಳನ್ನು ತೂಗಲು ಕೂತಾಗ ಮೊದಲು ಯಾವ ಪ್ರಶ್ನೆ ಕೇಳುತ್ತಿದ್ದೀರಿ ಎಂದು ತೀರ್ಮಾನ ಮಾಡಿಕೊಳ್ಳಿ. ನನ್ನ ಮಟ್ಟಿಗೆ ಮೂರನೆಯದೇ ನಿಜವಾದ ಕೋಚಿಂಗ್ ಪ್ರಶ್ನೆ, ಆದರೆ ಕೆಲಸ ಹೋಗುವುದು ಮಾತ್ರ ಸಾಮಾನ್ಯವಾಗಿ ಮೊದಲನೆಯದರಿಂದ.

ನಂಬಿಕೆ ಬರದಿದ್ದರೆ ಜಾನ್ ಕೂಪರ್ ಲೆಕ್ಕ ನೋಡಿ. 1988ರಿಂದ 2000ದವರೆಗೆ ಒಹಾಯೊ ಸ್ಟೇಟ್‌ನಲ್ಲಿ 111 ಗೆಲುವು, 43 ಸೋಲು, 4 ಟೈ. ಯಾವ ಕಾಲೇಜೂ ಖುಷಿಯಿಂದ ಇಟ್ಟುಕೊಳ್ಳುವ ದಾಖಲೆ ಅದು. ಮಿಷಿಗನ್ ಎದುರು ಮಾತ್ರ 2 ಗೆಲುವು, 10 ಸೋಲು, 1 ಟೈ. ಅಷ್ಟೇ ಸಾಕಾಯಿತು, ಕಳಿಸಿಬಿಟ್ಟರು.

ಮುಖಾಮುಖಿ ಲೆಕ್ಕವನ್ನು ಬಿಡಿಸಿ ನೋಡಿ

ಮೊದಲು ಇಬ್ಬರ ಮುಖಾಮುಖಿ ಫಲಿತಾಂಶಗಳನ್ನು ವರ್ಷವಾರು ಬರೆದುಕೊಳ್ಳಿ. ಸ್ಪೋರ್ಟ್ಸ್ ರೆಫರೆನ್ಸ್ ತಾಣದಲ್ಲಿ ಪ್ರತಿ ಕೋಚ್‌ನ ಸೀಸನ್‌ವಾರು ದಾಖಲೆ ಸಿಗುತ್ತದೆ. ಬರೀ ಗೆಲುವು-ಸೋಲು ಬರೆದರೆ ಉಪಯೋಗ ಇಲ್ಲ. ಸ್ಕೋರ್ ಬರೆಯಿರಿ, ಎಲ್ಲಿ ನಡೆಯಿತು ಬರೆಯಿರಿ, ಆ ವರ್ಷ ಎದುರಾಳಿ ತಂಡದ ಸ್ಥಿತಿ ಹೇಗಿತ್ತು ಅನ್ನುವುದನ್ನೂ ಪಕ್ಕದಲ್ಲಿ ಒಂದು ಸಾಲಲ್ಲಿ ಗುರುತು ಮಾಡಿಕೊಳ್ಳಿ.

ಈ ಕೊನೆಯದು ಯಾಕೆ ಮುಖ್ಯ ಅಂದರೆ, ಆಬರ್ನ್‌ನ ಟಾಮಿ ಟಬರ್‌ವಿಲ್ 2002ರಿಂದ 2007ರವರೆಗೆ ಎದುರಾಳಿ ಅಲಬಾಮಾವನ್ನು ಸತತ ಆರು ಸಲ ಸೋಲಿಸಿದರು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅಲಬಾಮಾ ಮೇಲೆ 2002ರಲ್ಲೇ ಎನ್‌ಸಿಎಎ (ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಶಿಕ್ಷೆ ಬಿದ್ದಿತ್ತು, ಸ್ಕಾಲರ್‌ಶಿಪ್‌ಗಳು ಕಡಿತವಾಗಿದ್ದವು, ಕೋಚ್‌ಗಳು ಬದಲಾಗುತ್ತಲೇ ಇದ್ದರು. ಆರನೇ ಗೆಲುವು 17-10, ಅದು ಅಲಬಾಮಾ ಕೋಚ್ ಆಗಿ ನಿಕ್ ಸೇಬನ್‌ರ ಮೊದಲ ವರ್ಷ. ಮರುವರ್ಷ ಅಲಬಾಮಾ 36-0ರಿಂದ ಗೆದ್ದಿತು. ಟಬರ್‌ವಿಲ್ ಆ ಸೀಸನ್ ಮುಗಿಯುತ್ತಿದ್ದ ಹಾಗೆ ಆಬರ್ನ್ ಬಿಟ್ಟರು. ಆರು ಗೆಲುವು ಸುಳ್ಳಲ್ಲ, ಆದರೆ ಎದುರಿಗೆ ನಿಂತಿದ್ದು ಎಂಥಾ ತಂಡ ಅಂತ ಹೇಳದೆ ಬರೀ ಆರು ಅಂದರೆ ಅದು ಅರ್ಧ ಮಾತು.

ಮೈದಾನದ ಅಂಚಿನಲ್ಲಿ ನಿಜಕ್ಕೂ ಯಾರು ನಿಂತಿದ್ದರು ಅನ್ನುವುದನ್ನೂ ನೋಡಿ. ಜಿಮ್ ಹಾರ್ಬಾ ಮಿಷಿಗನ್‌ಗೆ 2015ರಲ್ಲಿ ಬಂದರು. ಒಹಾಯೊ ಸ್ಟೇಟ್ ಎದುರು ಮೊದಲ ಐದೂ ಸೋತರು. 2020ರಲ್ಲಿ ಕೋವಿಡ್‌ನಿಂದ ಮ್ಯಾಚೇ ನಡೆಯಲಿಲ್ಲ. ಆಮೇಲೆ ಸತತ ಮೂರು ಗೆಲುವು. ಆದರೆ ಮೂರನೆಯದರ ದಿನ, ಅಂದರೆ 2023ರಲ್ಲಿ 30-24ರಿಂದ ಗೆದ್ದಾಗ, ಹಾರ್ಬಾ ಮೈದಾನದಲ್ಲೇ ಇರಲಿಲ್ಲ. ಎದುರಾಳಿಗಳ ಸನ್ನೆ ಕದ್ದ ಪ್ರಕರಣದಲ್ಲಿ ಈ ತಂಡಗಳ ಕಾಲೇಜು ಒಕ್ಕೂಟವಾದ ಬಿಗ್ ಟೆನ್ ಅವರನ್ನು ಅಮಾನತು ಮಾಡಿತ್ತು, ತಂಡ ನಡೆಸಿದ್ದು ಸಹಾಯಕ ಕೋಚ್ ಶೆರೋನ್ ಮೂರ್. ಆ ಗೆಲುವನ್ನು ಯಾರ ಲೆಕ್ಕಕ್ಕೆ ಹಾಕುತ್ತೀರಿ? ತಂಡ ಕಟ್ಟಿದ್ದು ಹಾರ್ಬಾ, ಆ ದಿನದ ನಿರ್ಧಾರಗಳು ಮೂರ್ ಅವರದ್ದು. ನಾನಾದರೆ ಎರಡು ಕಡೆಯೂ ಬರೆದು ಪಕ್ಕದಲ್ಲಿ ಟಿಪ್ಪಣಿ ಹಾಕುತ್ತೇನೆ. (ದಾಖಲೆ ಪುಸ್ತಕದವರ ತಲೆನೋವು ಇನ್ನೂ ಬೇರೆ ಥರ. ಜಿಮ್ ಟ್ರೆಸೆಲ್ ಮಿಷಿಗನ್ ಎದುರು ಹತ್ತರಲ್ಲಿ ಒಂಬತ್ತು ಗೆದ್ದವರು, ಆದರೆ 2010ರ ಗೆಲುವುಗಳನ್ನೇ ರದ್ದು ಮಾಡಿದ್ದಾರೆ. ನೋಡಿದವರ ಕಣ್ಣಿಂದ ಅಳಿಸುವುದಕ್ಕೆ ಆಗುತ್ತದಾ?)

ಹಾರ್ಬಾ ಕಥೆಯಲ್ಲಿ ಇನ್ನೊಂದು ವಿಷಯ ಇದೆ. 2020ರಲ್ಲಿ 2 ಗೆದ್ದು 4 ಸೋತ ಮೇಲೆ ಅವರು ಸಂಬಳ ಕಡಿತಕ್ಕೆ ಒಪ್ಪಿ ಹೊಸ ಕರಾರಿಗೆ ಸಹಿ ಹಾಕಿದರು, ಡಿಫೆನ್ಸ್ ನೋಡಿಕೊಳ್ಳಲು ಬಾಲ್ಟಿಮೋರ್ ರೇವನ್ಸ್ ಅನ್ನುವ ವೃತ್ತಿಪರ ತಂಡದಿಂದ ಮೈಕ್ ಮ್ಯಾಕ್‌ಡೊನಾಲ್ಡ್ ಅವರನ್ನು ಕರೆತಂದರು. 2023ರಲ್ಲಿ 15-0, ಅಂದರೆ 15 ಗೆದ್ದು ಒಂದೂ ಸೋಲಲಿಲ್ಲ, ಚಾಂಪಿಯನ್. ಆರು ವರ್ಷದ ಲೆಕ್ಕ ಹಿಡಿದು ತೀರ್ಪು ಕೊಟ್ಟವರು ಒಂಬತ್ತು ವರ್ಷಕ್ಕೆ ಬೇರೆಯೇ ತೀರ್ಪು ಕೊಡಬೇಕಾಯಿತು. ಹಾಗಾಗಿ ಎಲ್ಲಿಂದ ಎಲ್ಲಿಯವರೆಗೆ ನೋಡುತ್ತಿದ್ದೀರಿ ಎಂದು ಮೊದಲೇ ಹೇಳಿಬಿಡಿ. ನಮ್ಮ ವಾದಕ್ಕೆ ಬೇಕಾದ ವರ್ಷಗಳನ್ನೇ ಆರಿಸಿಕೊಳ್ಳುವ ಚಟ ಎಲ್ಲರಿಗೂ ಇರುತ್ತದೆ, ಅಲ್ವಾ?

ಬಂದಾಗ ಏನು ಸಿಕ್ಕಿತು?

ಹೊಸ ಕೋಚ್‌ನ ಮೊದಲ ವರ್ಷದ ತಂಡ ಬಹುಪಾಲು ಹಳೇ ಕೋಚ್ ಸೇರಿಸಿದ ಹುಡುಗರದ್ದು. ಸೇಬನ್ 2007ರಲ್ಲಿ 7 ಗೆದ್ದು 6 ಸೋತರು, ಲೂಯಿಸಿಯಾನ-ಮನ್ರೋ ಅನ್ನುವ ಸಣ್ಣ ತಂಡದ ಕೈಲೂ 21-14 ಪೆಟ್ಟು ತಿಂದರು. ಜಾರ್ಜಿಯಾದಲ್ಲಿ ಕರ್ಬಿ ಸ್ಮಾರ್ಟ್ ಶುರು ಮಾಡಿದ್ದು 8-5ರಿಂದ. ಮುಂದೆ ಸೇಬನ್ ಅಲಬಾಮಾಕ್ಕೆ ಆರು ಪಟ್ಟ ತಂದುಕೊಟ್ಟರು, ಸ್ಮಾರ್ಟ್ 2021 ಮತ್ತು 2022ರಲ್ಲಿ ಬೆನ್ನುಬೆನ್ನಿಗೆ ಗೆದ್ದರು. ಮೊದಲ ವರ್ಷವನ್ನು ತಕ್ಕಡಿಗೆ ಹಾಕಲೇಬೇಡಿ ಅಂತಲ್ಲ, ಹಗುರವಾಗಿ ಹಾಕಿ.

ಆದರೆ ಈ ರಿಯಾಯಿತಿ ಈಗ ಮೊದಲಿನಷ್ಟು ಸಲ್ಲುವುದಿಲ್ಲ. 2021ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಆಟಗಾರ ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕೂರದೆ ತಕ್ಷಣ ಆಡಬಹುದು ಎಂದಾಯಿತು. ಜುಲೈ 1ರಿಂದ ತನ್ನ ಹೆಸರು, ಮುಖ ಬಳಸಿ ದುಡ್ಡು ಮಾಡುವುದಕ್ಕೂ ಅನುಮತಿ ಸಿಕ್ಕಿತು. 2025ರಿಂದಂತೂ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಹೀಗಾಗಿ ತಂಡವನ್ನು ಒಂದೇ ಚಳಿಗಾಲದಲ್ಲಿ ಬದಲಿಸಿಬಿಡಬಹುದು. ಕರ್ಟ್ ಸಿಗ್ನೆಟ್ಟಿ ಬರುವ ಮೊದಲಿನ ವರ್ಷ, 2023ರಲ್ಲಿ, ಇಂಡಿಯಾನಾ 3-9. ಅವರು ಹಿಂದಿನ ಕೆಲಸದ ಜಾಗವಾದ ಜೇಮ್ಸ್ ಮ್ಯಾಡಿಸನ್‌ನಿಂದ ಆಟಗಾರರನ್ನೂ ಜೊತೆಗೆ ಕರೆತಂದರು. 2024ರಲ್ಲಿ 11-2. ಇದಾದ ಮೇಲೆ "ನನಗೆ ನಾಲ್ಕು ವರ್ಷ ಬೇಕು" ಅನ್ನುವ ಕೋಚ್ ಮಾತು ಕುಂಟುನೆಪದ ಹಾಗೆ ಕೇಳಿಸುತ್ತದೆ. 2021ಕ್ಕಿಂತ ಹಿಂದಿನ ಕೋಚ್‌ನನ್ನು ಈಗಿನವರ ಜೊತೆ ಇಟ್ಟು ನೋಡುವುದಾದರೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಂಡೇ ಮುಂದೆ ಹೋಗಿ.

ಇನ್ನು ಪ್ರತಿಭೆ. ಹೈಸ್ಕೂಲ್ ಹುಡುಗರಿಗೆ ಸ್ಟಾರ್ ಕೊಡುವ ಪದ್ಧತಿ ಇದೆಯಲ್ಲ, ಕೊನೆಯ ನಾಲ್ಕು ವರ್ಷ ಸೇರಿಸಿಕೊಂಡವರಲ್ಲಿ ನಾಲ್ಕು-ಐದು ಸ್ಟಾರ್‌ನವರು ಶೇಕಡಾ ಎಷ್ಟು ಎಂದು ನೋಡಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಪಟ್ಟಕ್ಕೆ ಆಡುವ ತಂಡ ಅನ್ನುವುದು ಚಾಲ್ತಿಯಲ್ಲಿರುವ ಅಳತೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಆಟಗಾರರನ್ನು ಒಲಿಸಿ ತರುವುದೂ ಕೋಚ್ ಕೆಲಸವೇ, ಅದನ್ನು ಪೂರ್ತಿ ಕಳೆದುಬಿಟ್ಟರೆ ಅನ್ಯಾಯ. ಆದರೆ ಒರೆಗಾನ್‌ಗೆ ನೈಕಿ ಕಟ್ಟಿದ ಫಿಲ್ ನೈಟ್ ಅವರ ಹಣದ ಬಲ ಇದೆ, ಅದೇ ರಾಜ್ಯದ ಒರೆಗಾನ್ ಸ್ಟೇಟ್‌ಗೆ ಅಂಥಾ ಬಲ ಇಲ್ಲ. 2022ರಲ್ಲಿ ಒರೆಗಾನ್ ಸ್ಟೇಟ್‌ನ ಜೊನಾಥನ್ ಸ್ಮಿತ್ ಒರೆಗಾನ್ ಎದುರು 31-10ರಿಂದ ಹಿಂದೆ ಬಿದ್ದಿದ್ದ ಮ್ಯಾಚನ್ನು 38-34ಕ್ಕೆ ಗೆದ್ದು, ಸೀಸನ್ 10-3ಕ್ಕೆ ಮುಗಿಸಿದರು. ಬರೀ ಟ್ರೋಫಿ ಎಣಿಸುವವರ ಕಣ್ಣಿಗೆ ಈ ಸೀಸನ್ ಬೀಳುವುದೇ ಇಲ್ಲ. ಅದೇ ಸ್ಮಿತ್ ಮಿಷಿಗನ್ ಸ್ಟೇಟ್‌ಗೆ ಹೋಗಿ 2024ರಲ್ಲಿ 5-7 ಆದರು, ಅದನ್ನೂ ಬರೆದುಕೊಳ್ಳಬೇಕು.

ಅದೃಷ್ಟ ಎಷ್ಟು, ಕೋಚ್ ಎಷ್ಟು

ಇದು ಕಷ್ಟದ ಭಾಗ, ಆದರೆ ಮಜಾ ಇರುವುದೂ ಇಲ್ಲೇ. ಎಂಟು ಅಂಕದೊಳಗೆ ಮುಗಿದ ಮ್ಯಾಚುಗಳನ್ನು ಬೇರೆ ತೆಗೆದಿಡಿ. ಒಂದು ವರ್ಷ ಇವು ಕೈಕೊಟ್ಟರೆ ದುರಾದೃಷ್ಟ ಅನ್ನಬಹುದು. ಸಾಮಾನ್ಯವಾಗಿ ಎರಡು ಮೂರು ವರ್ಷದಲ್ಲಿ ಅರ್ಧಕ್ಕರ್ಧ ಹತ್ತಿರ ಬರುತ್ತದೆ.

ಬರದೇ ಹೋದರೆ? ನೆಬ್ರಾಸ್ಕಾದ ಸ್ಕಾಟ್ ಫ್ರಾಸ್ಟ್ ಅದಕ್ಕೆ ಉದಾಹರಣೆ. 2021ರಲ್ಲಿ ಅವರ ತಂಡ 3-9, ಒಂಬತ್ತೂ ಸೋಲು ಒಂದಂಕಿಯ ಅಂತರದಲ್ಲಿ. ಇಡೀ ಸೀಸನ್‌ನಲ್ಲಿ ಬಿಟ್ಟುಕೊಟ್ಟ ಅಂಕಕ್ಕಿಂತ ಹೊಡೆದ ಅಂಕವೇ ಜಾಸ್ತಿ! ಪಾಪ ಅನ್ನಿಸುತ್ತದೆ. ಆದರೆ ನೆರೆಯ ಎದುರಾಳಿ ಅಯೋವಾ ಜೊತೆಗಿನ ನಾಲ್ಕು ಮ್ಯಾಚು ನೋಡಿ. 2018ರಲ್ಲಿ 31-28, 2019ರಲ್ಲಿ 27-24, 2020ರಲ್ಲಿ 26-20, 2021ರಲ್ಲಿ 28-21. ನಾಲ್ಕೂ ಅಯೋವಾಕ್ಕೆ. 1999ರಿಂದ ಅಯೋವಾದಲ್ಲೇ ಇರುವ ಕರ್ಕ್ ಫೆರೆಂಟ್ಜ್ ತಂಡಕ್ಕೆ ಆಫೆನ್ಸ್ ಯಾವತ್ತೂ ಚುರುಕಲ್ಲ. ಎಷ್ಟರ ಮಟ್ಟಿಗೆ ಅಂದರೆ 2023ರಲ್ಲಿ ಆಫೆನ್ಸ್ ನೋಡಿಕೊಳ್ಳುತ್ತಿದ್ದ ಅವರ ಮಗನ ಕರಾರಿನಲ್ಲೇ ಮ್ಯಾಚಿಗೆ ಸರಾಸರಿ 25 ಅಂಕ ಗಳಿಸಬೇಕು ಎಂಬ ಷರತ್ತು ಇತ್ತು. ಅಯೋವಾ ಬದುಕುವುದು ಡಿಫೆನ್ಸ್ ಮತ್ತು ಸ್ಪೆಷಲ್ ಟೀಮ್ಸ್ (ಚೆಂಡು ಒದೆಯುವ ಸಂದರ್ಭದಲ್ಲಿ ಇಳಿಯುವ ಆಟಗಾರರು) ಮೇಲೆ. 2021ರ ಆ ಮ್ಯಾಚಿನಲ್ಲಿ ನೆಬ್ರಾಸ್ಕಾ ಮುಂದಿತ್ತು. ಅಯೋವಾ ಹುಡುಗರು ಒಂದು ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ತಡೆದು ಅದನ್ನೇ ಟಚ್‌ಡೌನ್ ಮಾಡಿದರು, ಅಲ್ಲಿಂದ ಆಟವೇ ತಿರುಗಿತು. ಪಂಟ್ ತಡೆಯುವುದನ್ನು ವಾರವಿಡೀ ಅಭ್ಯಾಸ ಮಾಡಿಸುವವನು ಕೋಚ್. ನೆಬ್ರಾಸ್ಕಾದಲ್ಲಿ ಇಂಥ ಸಣ್ಣ ಅಂತರದ ಮ್ಯಾಚುಗಳಲ್ಲಿ ಫ್ರಾಸ್ಟ್ ಒಟ್ಟು ದಾಖಲೆ 5-22. ಇಷ್ಟು ದೊಡ್ಡ ಲೆಕ್ಕವನ್ನು ಹಣೆಬರಹದ ತಲೆಗೆ ಕಟ್ಟಲು ಆಗುವುದಿಲ್ಲ.

ಒಂದೇ ಆಟದೊಳಗೂ ಎರಡನ್ನೂ ಬಿಡಿಸಬಹುದು. 2013ರ ನವೆಂಬರ್ 30, ಆಬರ್ನ್-ಅಲಬಾಮಾ, 28-28. ಗಡಿಯಾರದಲ್ಲಿ ಒಂದು ಸೆಕೆಂಡ್ ವಾಪಸ್ ಸಿಕ್ಕಿತು, ಸೇಬನ್ 57 ಗಜದ ಫೀಲ್ಡ್ ಗೋಲ್‌ಗೆ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಪಡೆಯುವುದು) ಕೈ ಹಾಕಿದರು. ಅಲಬಾಮಾ ಅದಕ್ಕೂ ಮೊದಲೇ ಅದೇ ದಿನ ಮೂರು ಫೀಲ್ಡ್ ಗೋಲ್ ಕಳೆದುಕೊಂಡಿತ್ತು. ಚೆಂಡು ಗಿಡ್ಡವಾಯಿತು, ಹಿಂದೆ ಕಾದಿದ್ದ ಕ್ರಿಸ್ ಡೇವಿಸ್ ಹಿಡಿದು ಇಡೀ ಮೈದಾನ ಓಡಿಬಿಟ್ಟ. 34-28, ಆಬರ್ನ್‌ಗೆ ಗೆಲುವು. ಚೆಂಡು ಗಿಡ್ಡವಾಗಿದ್ದು ಆಬರ್ನ್‌ನ ಗಸ್ ಮಲ್ಜಾನ್ ಪುಣ್ಯ. ಆದರೆ ಹಿಂದೆ ಒಬ್ಬ ಓಟಗಾರನನ್ನು ನಿಲ್ಲಿಸಿದ್ದು ಕೋಚಿಂಗ್. ಅಂಕಣದಲ್ಲಿ ಅಲಬಾಮಾ ಕಡೆ ಇದ್ದವರು ಬಹುಪಾಲು ಒದೆತವನ್ನು ಎದುರಾಳಿ ತಡೆಯದಂತೆ ಕಾಯುವ ದಡೂತಿ ಆಟಗಾರರು, ಅವರಿಗೆ ಬೆನ್ನಟ್ಟಲು ಆಗುವುದಿಲ್ಲ ಎಂದು ಮೊದಲೇ ಯೋಚಿಸಬೇಕಾಗಿದ್ದು ಸೇಬನ್ ಕೆಲಸ. ಆಬರ್ನ್‌ನಲ್ಲಿದ್ದ ಎಂಟು ವರ್ಷದಲ್ಲಿ ಮಲ್ಜಾನ್ ಅಲಬಾಮಾ ಎದುರು 3 ಗೆದ್ದು 5 ಸೋತರು. ಸೇಬನ್ ಎದುರು ಅದು ಒಳ್ಳೆಯ ಲೆಕ್ಕವೇ. ಆದರೂ 2020ರಲ್ಲಿ ಆಬರ್ನ್ 2 ಕೋಟಿ ಡಾಲರ್‌ಗೂ ಮೇಲೆ ಕೊಟ್ಟು ಅವರನ್ನು ಕಳಿಸಿತು.

ಪಕ್ಕದಲ್ಲಿದ್ದವರು ಹೋದ ಮೇಲೆ ಏನಾಯಿತು?

ಎಲ್‌ಎಸ್‌ಯುನ (ಲೂಯಿಸಿಯಾನ ಸ್ಟೇಟ್) ಎಡ್ ಆರ್ಜೆರಾನ್ 2019ರಲ್ಲಿ 15-0. ಜೋ ಬರೋ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಫೆನ್ಸ್ ನಡೆಸುವವನು, ಪಾಸಿಂಗ್ ಆಟ ಕಲಿಸಿದ್ದು ಜೋ ಬ್ರೇಡಿ. ಇಬ್ಬರೂ ಹೋದರು, ಮರುವರ್ಷ 5-5. ಸೇಬನ್ ಹತ್ತಿರ ಇದ್ದ ಕೋಆರ್ಡಿನೇಟರ್‌ಗಳು (ಆಫೆನ್ಸ್, ಡಿಫೆನ್ಸ್ ನೋಡಿಕೊಳ್ಳುವ ಸಹಾಯಕರು) ಒಬ್ಬರ ಹಿಂದೆ ಒಬ್ಬರು ಹೆಡ್ ಕೋಚ್‌ಗಳಾಗಿ ಹೋಗುತ್ತಲೇ ಇದ್ದರು, ತಂಡ ಗೆಲ್ಲುತ್ತಲೇ ಇತ್ತು. ಆರ್ಜೆರಾನ್ ಗೆದ್ದ ಟ್ರೋಫಿ ಟ್ರೋಫಿಯೇ, ಯಾರೂ ಕಿತ್ತುಕೊಳ್ಳಲ್ಲ. ಆದರೆ ಇಬ್ಬರನ್ನು ಹೋಲಿಸುವಾಗ ಸಹಾಯಕರು ಬದಲಾದ ವರ್ಷಗಳಿಗೆ ಗುರುತು ಹಾಕಿ, ಅದರ ಮುಂದಿನ ಎರಡು ಸೀಸನ್ ನೋಡಿ. ನನಗೆ ಅತಿ ಹೆಚ್ಚು ಭರವಸೆ ಇರುವ ಪರೀಕ್ಷೆ ಇದೇ.

ಶುದ್ಧವಾದ ಹೋಲಿಕೆ ಹೇಗಿರುತ್ತದೆ ಎಂದು ನೋಡಬೇಕಾದರೆ ಆರ್ಮಿ-ನೇವಿ ತೆಗೆದುಕೊಳ್ಳಿ. ಎರಡೂ ಸೇನಾ ಕಾಲೇಜು, ಎರಡೂ ಕಡೆ ಪದವಿ ಆದ ಮೇಲೆ ಸೇನೆಯ ಸೇವೆ ಮಾಡಬೇಕು, ದುಡ್ಡು ಸುರಿದು ಆಟಗಾರರನ್ನು ಎಳೆದು ತರುವ ದಾರಿ ಇಲ್ಲ. ನೇವಿಯ ಕೆನ್ ನಿಯುಮಟಲೊಲೊ, ಆರ್ಮಿಯ ಜೆಫ್ ಮಾಂಕೆನ್, ಇಬ್ಬರೂ ಪಾಲ್ ಜಾನ್ಸನ್ ಗರಡಿಯಲ್ಲೇ ಪಳಗಿದವರು, ಇಬ್ಬರದ್ದೂ ಆಪ್ಷನ್ ಆಟ, ಅಂದರೆ ಚೆಂಡು ಹಿಡಿದು ಓಡುವುದನ್ನೇ ನೆಚ್ಚಿಕೊಂಡ ಶೈಲಿ. ಮಾಂಕೆನ್ 2014ರಲ್ಲಿ ಬಂದಾಗ ಆರ್ಮಿ 2002ರಿಂದ ನೇವಿ ಎದುರು ಒಂದೂ ಗೆದ್ದಿರಲಿಲ್ಲ. ಮೊದಲ ಎರಡು ಸಲ ಅವರೂ ಸೋತರು, 2016ರಲ್ಲಿ 21-17ರಿಂದ ಆ ಸರಣಿ ಮುರಿದರು. ಇಬ್ಬರೂ ಎದುರಾದ ಒಂಬತ್ತು ಮ್ಯಾಚಲ್ಲಿ ಮಾಂಕೆನ್‌ಗೆ 5, ನಿಯುಮಟಲೊಲೊಗೆ 4. ಕೊನೆಯದು ಎರಡು ಓವರ್‌ಟೈಮ್‌ಗೆ ಹೋಗಿ 20-17. ಅಂಕಿ ಹೆಚ್ಚುಕಡಿಮೆ ಸಮ. ಆದರೆ ಹದಿನಾಲ್ಕು ವರ್ಷ ಸತತ ಸೋತಿದ್ದ ತಂಡವನ್ನು ಸರಿಸಮಕ್ಕೆ ತಂದಿದ್ದು ಮಾಂಕೆನ್, ಹಾಗಾಗಿ ಮೂರನೇ ಪ್ರಶ್ನೆಗೆ ನನ್ನ ಓಟು ಅವರಿಗೆ.

ಎಲ್ಲ ಆದ ಮೇಲೆ ತೀರ್ಮಾನವನ್ನು ಮೂರು ಸಾಲಾಗಿ ಬರೆಯಿರಿ, ಪ್ರಶ್ನೆಗೆ ಒಂದೊಂದು ಸಾಲು. ಮೂರೂ ಒಬ್ಬರ ಕಡೆಗೇ ಬಿದ್ದರೆ ಇನ್ನೊಮ್ಮೆ ನೋಡಿ, ಅಭಿಮಾನ ಎಲ್ಲೋ ಒಳಗೆ ನುಸುಳಿರಬಹುದು. ಮತ್ತೆ ಇದನ್ನು ರೈವಲ್ರಿ ಮ್ಯಾಚಿನ ಮರುದಿನವೇ ಮಾಡಲು ಹೋಗಬೇಡಿ. ಡಿಸೆಂಬರ್‌ನಲ್ಲಿ ಹೈಸ್ಕೂಲ್ ಹುಡುಗರ ಸಹಿ ಮುಗಿದು, ಜನವರಿಯಲ್ಲಿ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಯಾರು ಬಂದರು ಯಾರು ಹೋದರು ಎಂದು ಗೊತ್ತಾದ ಮೇಲೆ ಕೂತರೆ ಸಾಕು.